ಹುಳುಮನೆಯ ಗವಾಕ್ಷಿಗಳನ್ನು ನಾನು ಮುಚ್ಚಿದ್ದು

ಕೊರೋನಾ ಹಾವಳಿ ತಗ್ಗಿದ ಮರುವರ್ಷ ನಾನು ನಂಜನಗೂಡಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಫ್ರಿಜ್ ಮತ್ತು ಎಸಿ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಅಂಗಡಿ ಈಗಲೂ ಇದೆ. ಆದರೆ ಬೆಳಗಿನ ಹೊತ್ತು ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ನಾನು ಎಲ್ಲಿರುತ್ತೇನೆ ಎನ್ನುವುದು ಈ ಬರಹದ ಕೊನೆಗೆ ತಿಳಿಯುತ್ತದೆ.

ನಾನು ಓದಿದ್ದು ಒಂಬತ್ತನೇ ತರಗತಿಯವರೆಗೆ. ಆ ಒಂಬತ್ತನ್ನೂ ಎರಡು ಸಲ ಓದಿದೆ. ಎರಡನೇ ಸಲವೂ ಫೇಲಾದಾಗ ನಮ್ಮ ಅಕ್ಕ ರತ್ನ ನನ್ನ ಕೈ ಹಿಡಿದುಕೊಂಡು ಒಬ್ಬ ಫ್ರಿಜ್ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದಳು. "ಇವ್ನ ತಲೆ ಎಂಗಾರ ಇರ್ಲಿ, ಕೈ ಚೆಂದಾಗದೆ. ನೀವೇ ನೋಡಿ" ಎಂದು ನನ್ನನ್ನು ಅಲ್ಲಿ ಬಿಟ್ಟು ಬಂದಳು. ಆಗ ಅವಳಿಗೆ ಮದುವೆ ಗೊತ್ತಾಗಿತ್ತು. ಹೋಗುವ ಮುಂಚೆ ತಮ್ಮನಿಗೊಂದು ದಾರಿ ಮಾಡಿ ಹೋಗಬೇಕು ಎಂದು ಅವಳ ಮನಸ್ಸಿನಲ್ಲಿದ್ದಿರಬೇಕು. ನಾನು ಇವತ್ತು ತಿನ್ನುವ ಅನ್ನ ಅವಳು ಅಂದು ಆಡಿದ ಆ ಮಾತಿನಿಂದ ಬಂದದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಹೇಳುವುದೆಲ್ಲ ಅದೇ ಅಕ್ಕನ ಉಸಿರಿಗೆ ನಾನು ಸಂಚಕಾರ ತಂದ ಕತೆ.

ಅಕ್ಕನನ್ನು ಕೊಟ್ಟದ್ದು ತಿ. ನರಸೀಪುರದಿಂದ ಮೂಗೂರಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ. ಭಾವ ಕಬ್ಬಿನ ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದು ಅಪರೂಪ. ಮನೆಯ ಹಿಂದೆ ಅವರ ತಂದೆ ಕಟ್ಟಿಸಿದ ಹುಳುಮನೆ ಇತ್ತು. ರೇಷ್ಮೆ ಹುಳು ಸಾಕುವುದಕ್ಕೆಂದೇ ಕಟ್ಟಿದ್ದನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ದಪ್ಪ ಮಣ್ಣಿನ ಗೋಡೆ, ಮಂಗಳೂರು ಹೆಂಚು. ನೆಲದಿಂದ ಸ್ವಲ್ಪವೇ ಮೇಲೆ ಎರಡೂ ಕಡೆ ಅಗಲವಾದ ಕಿಟಕಿಗಳು, ಸೂರಿನ ಕೆಳಗೆ ಸಾಲಾಗಿ ಗವಾಕ್ಷಿಗಳು. ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಗೆ ಬಂದು, ಬಿಸಿಯಾದದ್ದು ಮೇಲಿನ ಗವಾಕ್ಷಿಯಿಂದ ಹೊರಗೆ ಹೋಗುವ ಲೆಕ್ಕಾಚಾರ. ಹಿಪ್ಪುನೇರಳೆ ತೋಟವೆಲ್ಲ ಕಬ್ಬಿನ ಗದ್ದೆಯಾದ ಮೇಲೆ ಆ ಮನೆಯಲ್ಲಿ ಸೌದೆ, ಮುರಿದ ತಟ್ಟೆ, ಹುಳು ಗೂಡು ಕಟ್ಟಲು ಬಿಡುತ್ತಿದ್ದ ಹಳೇ ಬಿದಿರಿನ ಚಂದ್ರಿಕೆ ತುಂಬಿದ್ದವು.

ಅಕ್ಕ ಮತ್ತು ಅವಳ ಮಹಿಳಾ ಸಂಘದವರು ತರಬೇತಿಗೆ ಹೋಗಿಬಂದು ಅದರೊಳಗೆ ಚಿಪ್ಪಣಬೆ ಬೆಳೆಯತೊಡಗಿದರು. ಕೆಲಸ ಇಷ್ಟೇ. ಭತ್ತದ ಹುಲ್ಲನ್ನು ಕತ್ತರಿಸಿ ನೆನೆಹಾಕಿ ಡ್ರಮ್ಮಿನಲ್ಲಿ ಬೇಯಿಸಬೇಕು. ನೀರು ಬಸಿದು ಪ್ಲಾಸ್ಟಿಕ್ ಚೀಲಕ್ಕೆ ಪದರ ಪದರವಾಗಿ ತುಂಬುತ್ತ ನಡುನಡುವೆ ಸ್ಪಾನ್, ಅಂದರೆ ಅಣಬೆಯ ಬೀಜ, ಉದುರಿಸಬೇಕು. ಹುಲ್ಲಿನ ತುಂಬ ಬಿಳಿ ಬೂಷ್ಟು ಹರಡಿದ ಮೇಲೆ ಚೀಲಗಳನ್ನು ತೇವ ಇರುವ ಕೋಣೆಯಲ್ಲಿ ತೂಗುಹಾಕಿದರೆ ಗೊಂಚಲು ಗೊಂಚಲಾಗಿ ಅಣಬೆ ಬರುತ್ತದೆ. ಗೊಬ್ಬರದ ಮೂಟೆ ಬೇಡ, ಔಷಧಿ ಬೇಡ. ಕೆಲವರು ಹುಲ್ಲು ಬೇಯಿಸುವ ಬದಲು ರಾಸಾಯನಿಕದಲ್ಲಿ ಅದ್ದಿ ತೆಗೆಯುತ್ತಾರೆ. ಅಕ್ಕ ಅದನ್ನು ಒಪ್ಪಲಿಲ್ಲ. "ತಿನ್ನೋರ ಒಟ್ಟೆಗೆ ಅದ್ಯಾಕೆ ಓಗ್ಬೇಕು" ಎಂದಳು.

ಚಳಿಗಾಲದಲ್ಲಿ ಬೆಳೆ ಚೆನ್ನಾಗಿ ಬಂತು. ಶಿವರಾತ್ರಿ ಕಳೆದದ್ದೇ ಬಿಸಿಲು ಏರಿ ಮೊಗ್ಗುಗಳು ಕಡ್ಡಿಯಂತೆ ಒಣಗಿದವು. ಆ ಹೊತ್ತಿಗೆ ಮೈಸೂರಿನ ಹೋಟೆಲುಗಳಿಗೆ ಸಾವಯವ ತರಕಾರಿ ಕೊಡುವ ಒಬ್ಬ ವ್ಯಾಪಾರಿ ಅಣಬೆ ಕೇಳಿಕೊಂಡು ಬಂದಿದ್ದರು. ವರ್ಷವಿಡೀ ತಪ್ಪದೆ ಕೊಡುವುದಾದರೆ ಮಾತ್ರ ತೆಗೆದುಕೊಳ್ಳುತ್ತೇನೆ ಎಂದರಂತೆ. ಅಕ್ಕ ನನಗೆ ಫೋನ್ ಮಾಡಿದಳು.

"ಲೇ ಸಿದ್ದ, ಊರೋರ್ಗೆಲ್ಲ ತಣ್ಣನ್ ಗಾಳಿ ಮಾಡ್ಕೊಡ್ತೀಯಲ್ಲ, ನಿಮ್ಮಕ್ಕುಂಗೂ ವಸಿ ಮಾಡ್ಕೊಡ್ಲಾ."

ಅಷ್ಟು ವರ್ಷಗಳಲ್ಲಿ ಅವಳು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ನನ್ನ ಕೈಯಲ್ಲಿ ಏನಾಗುತ್ತದೆಂದು ತೋರಿಸಿಬಿಡುತ್ತೇನೆ ಎಂದು ಹೊರಟೆ. ಸೆಕೆಂಡ್ ಹ್ಯಾಂಡ್ ಸ್ಪ್ಲಿಟ್ ಎಸಿ ಎರಡು ಹಾಕಿದೆ. ನೀರಿನ ಮಂಜು ಚಿಮುಕಿಸುವ ಫಾಗರ್ ಕೂರಿಸಿದೆ. ಕರೆಂಟು ಹೋದರೆ ಇರಲಿ ಎಂದು ಡೀಸೆಲ್ ಜನರೇಟರ್ ಇಟ್ಟೆ. ಮೇಲಿನ ಗವಾಕ್ಷಿಗಳಿಗೆ ಒಂದೊಂದಾಗಿ ಥರ್ಮಕೋಲ್ ತುರುಕಿ, ಸಂದಿಗೆ ಫೋಮ್ ಹೊಡೆದು, ಕಿಟಕಿಗಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದೆ. ನಾನು ಏಣಿಯ ಮೇಲಿದ್ದಾಗ ಅಕ್ಕ ಕೆಳಗೆ ನಿಂತು ನೋಡುತ್ತಿದ್ದಳು.

"ಅದ್ನ್ಯಾಕ್ಲಾ ಮುಚ್ತೀಯ? ನಮ್ ಮಾವ ಬೇಕೂ ಅಂತ್ಲೇ ಬುಟ್ಟಿದ್ದು."

"ತೆಗೆದಿಟ್ರೆ ತಣ್ಣನ್ ಗಾಳಿ ಎಲ್ಲಾ ಆಚೆಗೋಯ್ತದೆ ಕಣಕ್ಕ. ಇದು ಉಳ ಅಲ್ಲ, ಅಣಬೆ."

ನನ್ನ ಕಸುಬಿನ ಒಂದು ಗುಟ್ಟನ್ನು ಇಲ್ಲಿ ಬಿಡಿಸಿ ಹೇಳಬೇಕು. ಎಸಿ ಹೊಸ ಗಾಳಿ ತರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸ್ಪ್ಲಿಟ್ ಎಸಿ ಹಾಗೆ ಮಾಡುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಳೆದುಕೊಂಡು ತಣ್ಣಗೆ ಮಾಡಿ ಮತ್ತೆ ಒಳಗೇ ಬಿಡುತ್ತದೆ. ಒಳಗಿನ ಶಾಖವನ್ನು ಮಾತ್ರ ಹೊರಗಿನ ಪೆಟ್ಟಿಗೆಯಿಂದ ಊದುತ್ತದೆ. ಇದು ನನಗೆ ಅಂದೂ ಗೊತ್ತಿತ್ತು.

ಯುಗಾದಿ ಕಳೆದು ಉರಿಬಿಸಿಲಿನಲ್ಲಿ ಅಣಬೆ ಬಂತು. ವ್ಯಾಪಾರಿ ಕಾರಿನಲ್ಲಿ ಬಂದು ಒಳಗೆ ಕಾಲಿಟ್ಟವರು, "ಇದು ನಿಮ್ಮ ಡಿಸೈನಾ ಸರ್?" ಎಂದು ನನ್ನನ್ನು ಕೇಳಿದರು. ಎಷ್ಟೋ ಮನೆಗಳಿಗೆ ಹಿಂಬಾಗಿಲಿನಿಂದ ಹೋಗಿ ಫ್ರಿಜ್ ರಿಪೇರಿ ಮಾಡಿ ಬಂದವನು ನಾನು. ನನ್ನನ್ನು ಯಾರೂ ಸರ್ ಎಂದಿರಲಿಲ್ಲ. ಎಸಿ ಪಕ್ಕದಲ್ಲಿ ನಿಲ್ಲಿಸಿ ಅವರು ತೆಗೆದ ಫೋಟೋ ನನ್ನ ಅಂಗಡಿಯ ಗೋಡೆಯ ಮೇಲೆ ಬಂತು. ಹುಳುಮನೆಯ ಬಾಗಿಲಿಗೆ 'ಸಾವಯವ ಅಣಬೆ, ಪರಿಸರಸ್ನೇಹಿ ಬೆಳೆ' ಎಂಬ ಹಸಿರು ಬೋರ್ಡ್ ಬಂತು.

ಬೋರ್ಡಿನ ಮೊದಲರ್ಧ ನಿಜ. ಉಳಿದರ್ಧವನ್ನು ನೋಡಿ ನಕ್ಕವಳು ಸಂಘದ ಸಾಕಮ್ಮ. ಪಕ್ಕದ ಮನೆಯವಳು, ಅಕ್ಕನ ಜೋಡಿ. ಎಸಿಯ ಹೊರಗಿನ ಪೆಟ್ಟಿಗೆಗಳು ಊದುವ ಬಿಸಿಗೆ ಅಕ್ಕನ ಕನಕಾಂಬರದ ಗಿಡಗಳು ಸುಟ್ಟು ಕರಕಲಾಗಿದ್ದವು. ಕರೆಂಟು ಹೋದಾಗಲೆಲ್ಲ ಜನರೇಟರಿನ ಹೊಗೆ ನೇರವಾಗಿ ಸಾಕಮ್ಮನ ಹಟ್ಟಿಗೆ ನುಗ್ಗುತ್ತಿತ್ತು.

"ಸಿದ್ರಾಜಣ್ಣ, ಒಳ್ಗಿರೋ ಅಣಬೆಗೆ ಊಟಿ ಮಾಡ್ಕೊಟ್ಟೆ. ಆಚೆ ಇರೋ ನಮ್ಗೆ ರಾಯಚೂರು ಮಾಡ್ಬುಟ್ಟೆ" ಎಂದಳು.

ಅಕ್ಕ ನಗಲಿಲ್ಲ. ಒಣಗಿದ ಗಿಡವನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು, "ಒಳ್ಗಿಂದ ತೆಗ್ದಿದ್ದು ಎಲ್ಗಾರ ಓಗ್ಲೇಬೇಕಲ್ಲ" ಎಂದಳು. ಪರಿಸರದ ಬಗ್ಗೆ ನಾನು ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಆ ಮಾತಿಗಿಂತ ಹೆಚ್ಚಿನದು ಯಾವುದರಲ್ಲೂ ಸಿಕ್ಕಿಲ್ಲ. ಅಂದು ಮಾತ್ರ, "ಇನ್ನೊಂದ್ ಗಿಡ ಆಕಿದ್ರಾಯ್ತು ಬುಡಕ್ಕ" ಎಂದಿದ್ದೆ.

ಮಳೆಗಾಲದ ಶುರುವಿನಲ್ಲಿ ಅಣಬೆಯ ರೂಪ ಕೆಟ್ಟಿತು. ಕಾಲು ಉದ್ದ, ಕೊಡೆ ಸಣ್ಣ. ಸ್ಪಾನ್ ಮಾರುವವರಿಗೆ ಫೋನ್ ಮಾಡಿದೆ. ಅಣಬೆಯೂ ನಮ್ಮ ಹಾಗೆ ಉಸಿರಾಡುತ್ತದೆ, ಬಿಟ್ಟ ಉಸಿರು ಹೊರಗೆ ಹೋಗದಿದ್ದರೆ ಹೀಗೆ ಕಾಲು ಚಾಚುತ್ತದೆ, ಕಿಟಕಿ ತೆಗೆಯಿರಿ ಎಂದರು. ನಾನು ಕಿಟಕಿ ತೆಗೆಯಲಿಲ್ಲ. ಬೆಳಿಗ್ಗೆ ಸಂಜೆ ಸ್ವಲ್ಪ ಹೊತ್ತು ಬಾಗಿಲು ತೆರೆದಿಡು ಎಂದು ಅಕ್ಕನಿಗೆ ಹೇಳಿದೆ. ಅಣಬೆಯ ಕಾಲು ಕೊಂಚ ಗಿಡ್ಡವಾಯಿತು. ನನಗೆ ಅಷ್ಟೇ ಸಾಕಾಗಿತ್ತು.

ಅದೇ ದಿನಗಳಲ್ಲಿ ಎಸಿಯ ಫಿಲ್ಟರ್ ತೊಳೆಯಲು ಬಿಚ್ಚಿದಾಗ ಜಾಲರಿಯ ತುಂಬ ಅಕ್ಕಿಹಿಟ್ಟಿನಂಥ ಬಿಳಿ ಪುಡಿ ಕೂತಿತ್ತು. ಗೋಡೆಯ ಸುಣ್ಣ ಇರಬೇಕು ಎಂದುಕೊಂಡು ತೊಳೆದೆ. ಮುಂದಿನ ವಾರವೂ ಅಷ್ಟೇ ಪುಡಿ. ಒಂದು ಬಲಿತ ಅಣಬೆಯನ್ನು ಕಿತ್ತು ಕಪ್ಪು ರೆಕ್ಸಿನ್ ಮೇಲೆ ಕವುಚಿಟ್ಟು ಟೀ ಕುಡಿದು ಬಂದು ಎತ್ತಿದೆ. ಕೆಳಗೆ ಅದೇ ಬಿಳಿ ಪುಡಿ ಮಸುಕಾಗಿ ಬಿದ್ದಿತ್ತು. ಕೊಡೆಯ ಅಂಚು ಮೇಲಕ್ಕೆ ಮಡಿಚಿಕೊಳ್ಳುವಷ್ಟು ಬಲಿತರೆ ಅಣಬೆ ತನ್ನ ಬೀಜಕಣಗಳನ್ನು ಗಾಳಿಗೆ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಆ ಕಣಗಳನ್ನು ನನ್ನ ಎಸಿ ದಿನವಿಡೀ ಕೋಣೆಯೊಳಗೆ ಸುತ್ತಿಸುತ್ತಿತ್ತು. ದಿನವಿಡೀ ಆ ಕೋಣೆಯೊಳಗೆ ಇರುತ್ತಿದ್ದವಳು ಅಕ್ಕ.

ಅಕ್ಕನಿಗೆ ಆಗಲೇ ಕೆಮ್ಮು ಹಿಡಿದಿತ್ತು. ಬೆಳಿಗ್ಗೆ ಒಳಗೆ ಕೆಲಸ ಮಾಡಿದರೆ ಸಂಜೆಗೆ ಜ್ವರದ ಹಾಗೆ ಮೈ ಬಿಸಿ, ಏದುಸಿರು. "ಒಳಕ್ಕೋದ್ರೆ ಎದೆ ಇಡ್ಕೊಂಡಂಗಾಯ್ತದೆ ಕಣ್ಲಾ" ಎಂದು ಒಂದು ದಿನ ಹೇಳಿದಳು. "ಎಸಿ ಗಾಳಿ ಅಭ್ಯಾಸ ಇಲ್ಲ ನಿಂಗೆ, ಸರಿ ಓಯ್ತದೆ" ಎಂದೆ. ಹೇಳುವಾಗ ನನ್ನ ಕೈಯಲ್ಲಿ ಒದ್ದೆ ಫಿಲ್ಟರ್ ಇತ್ತು.

ಶ್ರಾವಣದಲ್ಲಿ ನರಸೀಪುರದ ಒಬ್ಬ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ನಮ್ಮ ಕಡೆ ಹೆಂಗಸರ ಜೊತೆ ಹೋದ ಗಂಡಸೇ ಡಾಕ್ಟರಿಗೆ ಉತ್ತರ ಹೇಳುವುದು. ಅದು ಜವಾಬ್ದಾರಿ ಎಂದೇ ಎಲ್ಲರೂ ತಿಳಿದಿದ್ದಾರೆ. ಡಾಕ್ಟರು ಅಕ್ಕನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, "ಏನಮ್ಮ ಕೆಲಸ? ಧೂಳಲ್ಲಿ ಇರ್ತೀರಾ?" ಎಂದರು.

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿದೆ. "ಧೂಳೇನೂ ಇಲ್ಲ ಸಾ. ಕ್ಲೀನ್ ರೂಮು. ಎಸಿ ಹಾಕಿದೀವಿ."

ಅವರು ತಲೆಯಾಡಿಸಿ ಕೆಮ್ಮಿನ ಔಷಧಿ ಬರೆದುಕೊಟ್ಟರು. ಕಫ ಪರೀಕ್ಷೆ ಮಾಡಿಸಿ ಟಿಬಿ ಇಲ್ಲವೆಂದೂ ಹೇಳಿ ಕಳಿಸಿದರು. ಅವರ ತಪ್ಪೇನೂ ಇಲ್ಲ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು.

ಆ ತಿಂಗಳೇ ಬನ್ನೂರಿನಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆ. ಅಕ್ಕ ಮುಂಚೆಯೇ ಹೋಗಿ ಮದುವೆ ಮನೆಯಲ್ಲಿ ದುಡಿದಳು. ಮದುವೆಯ ದಿನ ನಾನು ಹೋದಾಗ ಸೋಬಾನೆ ಹಾಡುವ ಹೆಂಗಸರ ನಡುವೆ ಎಲ್ಲರಿಗಿಂತ ಅವಳ ದನಿಯೇ ಮೇಲಿತ್ತು. ಕೆಮ್ಮೇ ಇಲ್ಲ. ನನಗೆ ಖುಷಿಯಾಗಬೇಕಿತ್ತು. ಊಟದ ಎಲೆಯ ಮುಂದೆ ಕೂತು, ಅವಳು ಹುಳುಮನೆಯಿಂದ ದೂರವಿದ್ದ ದಿನಗಳನ್ನು ಎಣಿಸಿದೆ. ಊರಿಗೆ ಮರಳಿ ಕೋಣೆ ಹೊಕ್ಕ ದಿನವೇ ಅವಳಿಗೆ ಮತ್ತೆ ಶುರುವಾಯಿತು. ನನಗೆ ಆಗ ಅನುಮಾನವೇನೂ ಉಳಿದಿರಲಿಲ್ಲ. ಆದರೂ ಗವಾಕ್ಷಿ ತೆಗೆಸಲಿಲ್ಲ. ತೆಗೆಸಿದರೆ ಎಸಿ ದಂಡ, ಎಸಿ ದಂಡವೆಂದರೆ ನನ್ನ ಡಿಸೈನ್ ದಂಡ. ಗೋಡೆಯ ಮೇಲಿನ ಆ ಫೋಟೋವನ್ನು ಇಳಿಸಲು ನನಗೆ ಮನಸ್ಸಿರಲಿಲ್ಲ. ನನ್ನ ತಪ್ಪಿಗೆ ಇದಕ್ಕಿಂತ ದೊಡ್ಡ ಕಾರಣವಿತ್ತೆಂದು ಹೇಳಿಕೊಳ್ಳಲು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ದಸರೆ ಮುಗಿದ ಮೇಲೆ ಒಂದು ದಿನ ಅಕ್ಕ ಬಾವಿಕಟ್ಟೆಯಿಂದ ಒಂದು ಕೊಡ ನೀರು ತರಲಾಗದೆ ನಡುದಾರಿಯಲ್ಲಿ ಕೂತುಬಿಟ್ಟಳು. ತುಟಿ ನೀಲಿಗಟ್ಟಿತ್ತಂತೆ. ಸಾಕಮ್ಮ ಫೋನ್ ಮಾಡಿ, "ಬತ್ತೀಯೋ ಇಲ್ವೋ" ಎಂದಷ್ಟೇ ಹೇಳಿ ಇಟ್ಟಳು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ನೋಡಿದವರು ಒಬ್ಬ ಮಹಿಳಾ ಡಾಕ್ಟರು. ಎಕ್ಸ್‌ರೇ ದೀಪದ ಎದುರು ಹಿಡಿದು, ಅಕ್ಕನನ್ನು ದಿನವಿಡೀ ಏನೇನು ಮಾಡುತ್ತೀರಿ ಎಂದು ಕೇಳಿದರು. ನಾನು ಅಭ್ಯಾಸದ ಹಾಗೆ ಶುರುಮಾಡಿದೆ.

"ಮೇಡಂ, ಅವ್ರು—"

"ನಾನು ಅವರನ್ನ ಕೇಳ್ತಿದೀನಿ. ನೀವು ಸ್ವಲ್ಪ ಸುಮ್ನಿರಿ. ನೀವು ಹೇಳಿಮ್ಮ, ಬೆಳಿಗ್ಗೆ ಎದ್ದಾಗಿಂದ."

ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ತಡೆತಡೆದು ಉಸಿರೆಳೆಯುತ್ತ ಹೇಳಿದಳು. ಹುಲ್ಲು ಬೇಯಿಸುವುದು, ಚೀಲ ತುಂಬುವುದು, ಒಳಗೆ ಅಣಬೆ ಕೀಳುವುದು. "ಒಳಕ್ಕೋದ್ರೆ ಇಟ್ಟಿನ ಗಿರ್ಣಿಗೋದಂಗೆ ಕಣವ್ವ. ಕಣ್ಗೆ ಕಾಣಾಕಿಲ್ಲ, ಗಂಟ್ಲಿಗೆ ತಿಳೀತದೆ. ಬನ್ನೂರ್ಗೆ ಓಗಿದ್ದಾಗ ಸಂದಾಗಿದ್ದೆ. ನಮ್ಮನೇಲಿ ಗಾಳಿಗೆ ದಾರಿನೇ ಇಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ಬಾಯಿಬಿಟ್ಟೆ. ಫಿಲ್ಟರಿನ ಪುಡಿ, ರೆಕ್ಸಿನ್ ಮೇಲೆ ಕವುಚಿಟ್ಟ ಅಣಬೆ, ಥರ್ಮಕೋಲ್, ನರಸೀಪುರದ ಡಾಕ್ಟರಿಗೆ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಅಕ್ಕ ನೆಲ ನೋಡುತ್ತಿದ್ದಳು.

"ಯಾವಾಗಿಂದ ಗೊತ್ತಿತ್ತು ನಿಮಗೆ?"

"ಮಳೆಗಾಲದಿಂದ ಮೇಡಂ."

ಅವರು ಬೈಯಲಿಲ್ಲ. ಅಣಬೆಯ ಕಣಗಳಿಗೆ ಶ್ವಾಸಕೋಶ ಸಿಟ್ಟಾಗಿ ಊದಿಕೊಳ್ಳುವ ಒಂದು ಬಗೆಯ ಅಲರ್ಜಿ ಇದು ಎಂದು ವಿವರಿಸಿದರು. ಇನ್ನೂ ಹೀಗೇ ಬಿಟ್ಟಿದ್ದರೆ ಶ್ವಾಸಕೋಶ ಗಟ್ಟಿಯಾಗಿ ಮತ್ತೆ ಸರಿಹೋಗುತ್ತಿರಲಿಲ್ಲ ಎಂದರು. ಮಾತ್ರೆ ಕೊಟ್ಟರು. ಆ ಕೋಣೆಗೆ ಇನ್ನು ಯಾವತ್ತೂ ಕಾಲಿಡಬಾರದು ಎಂದು ಅಕ್ಕನಿಗೇ ಹೇಳಿದರು, ನನಗಲ್ಲ.

ನರಸೀಪುರದ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಬಸ್ಸು ವರುಣ ಗ್ರಾಮ ದಾಟಿದ ಮೇಲೆ ಹೊರಗೆ ನೋಡುತ್ತಲೇ ಕೇಳಿದಳು.

"ಆವತ್ತು ಆ ಡಾಕ್ಟ್ರು ಕೇಳಿದ್ದು ಯಾರ್ನ?"

"ನಿನ್ನ."

"ಏಳ್ದೋನ್ ಯಾರು?"

ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

"ನಂಗೆ ಬಾಯಿರ್ನಿಲ್ವಾ ಸಿದ್ದ? ನಿಂಗೋಸ್ಕರ ಆ ಮೆಕಾನಿಕ್ ಅತ್ರ ಮಾತಾಡ್ದೋಳು ನಾನು. ನನ್ ಎದೆ ವಿಚಾರ ಏಳಾಕೆ ನಂಗೆ ಬರ್ತಿರ್ನಿಲ್ವಾ?"

"ತಪ್ಪಾಯ್ತಕ್ಕ."

"ಗವಾಕ್ಷಿ ಮುಚ್ಚಿದ್ದು ತಪ್ಪಲ್ಲ. ನಂಗೂ ಗೊತ್ತಿರ್ನಿಲ್ಲ, ನಿಂಗೂ ಗೊತ್ತಿರ್ನಿಲ್ಲ. ನನ್ ಬಾಯಿ ಮುಚ್ಚಿದ್ಯಲ್ಲ, ಅದು."

ಬಸ್ ಹತ್ತುವ ಮುಂಚೆ ಕೊಂಡಿದ್ದ ಸೀಬೆಹಣ್ಣು ಅವಳ ಚೀಲದಲ್ಲಿತ್ತು. ಅದನ್ನು ಮುರಿದು ನನಗೊಂದು ಪಾಲು ಕೊಟ್ಟಳು. ಚಿಕ್ಕಂದಿನಿಂದ ಏನು ಮುರಿದರೂ ದೊಡ್ಡ ಪಾಲು ನನಗೇ ಬರುತ್ತಿತ್ತು. ಅಂದು ಸಣ್ಣದು ಬಂತು. ಅಷ್ಟಾದರೂ ಕೊಟ್ಟಳಲ್ಲ ಎಂದು ತಲೆ ತಗ್ಗಿಸಿ ತಿಂದೆ.

ಮರುದಿನವೇ ಏಣಿ ಹಾಕಿದೆ. ಥರ್ಮಕೋಲ್ ಕೀಳುವಾಗ ಅದರ ಹಿಂದಿನಿಂದ ನುಗ್ಗಿದ ಗಾಳಿಗೆ ಮುಖದ ಮೇಲೆ ಬಿಳಿ ಪುಡಿ ಬಿತ್ತು. ಎಸಿಗಳನ್ನು ಇಳಿಸಿದೆ, ಜನರೇಟರ್ ಸಾಗಿಸಿದೆ. ಬೋರ್ಡನ್ನು ಸಾಕಮ್ಮ ಕಿತ್ತಳು. ವ್ಯಾಪಾರಿಗೆ ಫೋನ್ ಮಾಡಿದವಳು ಅಕ್ಕ. "ಬೇಸ್ಗೇಲಿ ಕೊಡಾಕಾಗಲ್ಲ ಸ್ವಾಮಿ. ನಮ್ ಅಣಬೆಗೂ ಬೇಸ್ಗೆ ರಜ" ಎಂದಳು. ಅವರು ಬರುವುದನ್ನು ನಿಲ್ಲಿಸಿದರು. ಈಗ ಅಣಬೆ ಹೋಗುವುದು ನರಸೀಪುರ, ನಂಜನಗೂಡುಗಳ ಅಂಗಡಿಗಳಿಗೆ.

ಆಮೇಲೆ ನಾನು ಅಕ್ಕನನ್ನು ಕೇಳಿ ಕೇಳಿ ಕೆಲಸ ಮಾಡಿದೆ. ಕೆಳಗಿನ ಕಿಟಕಿಗಳಿಗೆ ಸೊಳ್ಳೆಪರದೆ ಹೊಡೆದು, ಅದರ ಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟೆ. ನೆಲಕ್ಕೆ ಮರಳು ಹರಡಿ ನೀರು ಚಿಮುಕಿಸುವಂತೆ ಮಾಡಿದೆ. ಹೆಂಚಿನ ಮೇಲೆ ಕುಂಬಳದ ಬಳ್ಳಿ ಹಬ್ಬಿಸಿದವಳು ಅವಳು. ಈಗ ಆ ಕೋಣೆಯಲ್ಲಿ ಕರೆಂಟಿಗೆ ಕೆಲಸವೆಂದರೆ ಒಂದು ಬಲ್ಬು, ಒಂದು ಪುಟ್ಟ ಪಂಪು. ಹುಲ್ಲು ಬೇಯಿಸಲು ಸೌದೆ ಬದಲು ತೆಂಗಿನ ಗರಿ, ಕಬ್ಬಿನ ತರಗು. ಅಣಬೆ ಮುಗಿದ ಹುಲ್ಲು ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತದೆ. ಬಿಸಿಲು ಏರಿದರೆ ಕೋಣೆ ಖಾಲಿ. ಸುಣ್ಣ ಬಳಿದು ಬಾಗಿಲು ತೆರೆದು ಬಿಡುತ್ತೇವೆ.

ಕಾಲೇಜಿನ ಮಕ್ಕಳು ಕೆಲವೊಮ್ಮೆ ನೋಡಲು ಬಂದು, ನಾಲ್ಕು ಗೋಡೆಯ ಒಳಗೆ ಸಾವಯವ ಬೆಳೆದರೆ ಪರಿಸರಕ್ಕೆ ಒಳ್ಳೆಯದೇ ಎಂದು ಕೇಳುತ್ತಾರೆ. ಔಷಧಿ ಹಾಕದೆ ಬೆಳೆದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ ಎನ್ನುತ್ತೇನೆ. ಎಸಿ ಇದ್ದಾಗಲೂ ನಮ್ಮ ಅಣಬೆಗೆ ಔಷಧಿ ಹಾಕಿರಲಿಲ್ಲ. ಕೋಣೆ ಹೊರಗಿನ ಕಾಲದ ಜೊತೆ ಹೊಂದಿಕೊಂಡರೆ ಆಗುತ್ತದೆ. ಬೇಸಿಗೆಯಲ್ಲಿ ಚಳಿಗಾಲ ಮಾಡಲು ಹೊರಟರೆ ಅದರ ಭಾರ ಇನ್ನೆಲ್ಲೋ ಬೀಳುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ನಮಗೆ ಇನ್ನೂ ದಾರಿ ಸಿಕ್ಕಿಲ್ಲ. ತೊಳೆದು ಮತ್ತೆ ಬಳಸಲು ನೋಡಿದೆವು, ಬೆಳೆ ಕೊಳೆಯಿತು. ಈಗ ಮುಚ್ಚಳದ ಬಕೆಟ್‌ಗಳಲ್ಲಿ ಪ್ರಯತ್ನಿಸುತ್ತಿದ್ದೇವೆ. ಇದನ್ನೂ ಅವರಿಗೆ ಹೇಳುತ್ತೇನೆ, ಮುಚ್ಚುವುದಿಲ್ಲ.

ಅಕ್ಕ ಈಗ ನೀರಿನ ಕೊಡ ಹೊರುತ್ತಾಳೆ. ಮಹಡಿ ಹತ್ತಿದರೆ ಮಾತ್ರ ನಡುವೆ ಒಮ್ಮೆ ನಿಲ್ಲುತ್ತಾಳೆ. ಆ ಒಂದು ನಿಲುಗಡೆ ನನ್ನ ಲೆಕ್ಕಕ್ಕೆ ಸೇರಿದ್ದು, ಅದು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಕೋಣೆಯೊಳಗೆ ಅವಳು ಹೋಗುವಂತಿಲ್ಲ. ಹೊಂಗೆಮರದ ಕೆಳಗೆ ಹುಲ್ಲು ಬೇಯಿಸುತ್ತಾಳೆ. ಒಳಗೆ ಹೋಗಿ ಅಣಬೆ ಕೀಳುವವನು ನಾನು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು. ಅದಕ್ಕೇ ಬೆಳಗಿನ ಹೊತ್ತು ಅಂಗಡಿಗೆ ಬಾಗಿಲು. ನನಗೆ ಬರಲಾಗದ ದಿನ ಸಾಕಮ್ಮ ಕೀಳುತ್ತಾಳೆ.

ಇಷ್ಟು ವರ್ಷದ ಕಸುಬು ನನಗೆ ಕಲಿಸಿದ್ದು ಇದು. ಯಾವ ಕೋಣೆಗೆ ಕೈ ಹಾಕಿದರೂ ಮೊದಲು ಅದರೊಳಗೆ ದಿನ ಕಳೆಯುವವರನ್ನು ಕೇಳಬೇಕು, ಕೇಳಿದ ಮೇಲೆ ಅವರು ಹೇಳಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಈಗ ಗಿರಾಕಿಗಳ ಮನೆಯಲ್ಲಿ ಯಜಮಾನರು ಎಸಿ ಬಗ್ಗೆ ವಿವರಿಸುತ್ತಿದ್ದರೆ, ನಾನು ಅಡುಗೆಮನೆಯ ಕಡೆ ತಿರುಗಿ, "ನಿಮಗೆ ಹೇಗನ್ನಿಸ್ತದಮ್ಮ?" ಎನ್ನುತ್ತೇನೆ. ಕೆಲವರು ನಗುತ್ತಾರೆ.

ಮೊನ್ನೆ ಅಣಬೆ ಕೀಳುತ್ತಿದ್ದಾಗ ಹೊರಗಿನಿಂದ ಗೋಣಿಚೀಲ ಸರಿಯಿತು. ಸೊಳ್ಳೆಪರದೆಯ ಆಚೆ ಅಕ್ಕ ನಿಂತಿದ್ದಳು.

"ಲೇ, ಆ ಮೂಲೇದು ಅಂಚು ಮಡಿಚ್ಕೊಂಡದಾ ನೋಡು. ಪುಡಿ ಬುಡಕ್ ಮುಂಚೆ ಕೀಳು."

"ಇಲ್ಲಕ್ಕ, ಇನ್ನೂ ಮಡಿಚ್ಕೊಂಡಿಲ್ಲ."

"ನೋಡ್ದೇನೇ ಏಳ್ಬೇಡ" ಎಂದಳು.

ಹೋಗಿ ನೋಡಿದೆ. ಮಡಿಚಿಕೊಂಡಿತ್ತು.